ಉತ್ತರಗಳಿದ್ದ ಅರ್ಧ

ಆ ಪುಸ್ತಕದ ರಟ್ಟು ಹಸಿರು ಬಣ್ಣದ್ದು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಟ್ರಂಕಿನ ತಳದಲ್ಲಿ ಸಿಕ್ಕಾಗ ನೋಡಿದರೆ ಅದಕ್ಕೆ ರಟ್ಟೇ ಇಲ್ಲ. ಆದ್ದರಿಂದ ಮುಂದೆ ಎಲ್ಲೆಲ್ಲಿ ಬಣ್ಣ ಬರುತ್ತದೋ ಅಲ್ಲಲ್ಲಿ ಸ್ವಲ್ಪ ಅನುಮಾನದಿಂದ ಓದಿ. ಬಣ್ಣವೊಂದೇ ಅಲ್ಲ, ಯಾರು ಎಲ್ಲಿ ನಿಂತಿದ್ದರು, ಯಾವ ಮಾತು ಯಾರ ಬಾಯಿಂದ ಬಂತು ಎಂಬುದರಲ್ಲೂ ನನ್ನ ನೆನಪು ನಂಬುವಂಥ ಸಾಕ್ಷಿಯಲ್ಲ. ಒಂಬತ್ತನೇ ತರಗತಿಯಿಂದ ನನಗೆ ದಿನಚರಿ ಬರೆಯುವ ಚಟ. ಹಾಗಾಗಿ ‘ಇವಳಿಗೆ ಎಲ್ಲಾ ಕರೆಕ್ಟಾಗಿ ನೆನಪಿರುತ್ತದೆ’ ಎಂದು ಮನೆಯಲ್ಲಿ ಒಂದು ಹೆಸರಿದೆ. ನಿಜ ಏನೆಂದರೆ, ಬರೆದಿಟ್ಟದ್ದು ಮಾತ್ರ ನೆನಪಿರುತ್ತದೆ, ಬರೆಯುವಾಗ ಬಿಟ್ಟದ್ದು ಹೊರಟೇ ಹೋಗುತ್ತದೆ. ಬಿಡುವವಳೂ ನಾನೇ.

ಪುಸ್ತಕ ಸಿಕ್ಕಿತು ಎಂದೆನಲ್ಲ, ಎರಡು ಅರ್ಧ ಸಿಕ್ಕವು ಎನ್ನಬೇಕು. ಪಿಯುಸಿ ಮೊದಲ ವರ್ಷದ ಭೌತಶಾಸ್ತ್ರದ ಪುಸ್ತಕ ಅದು, ಇಂಗ್ಲಿಷಿನದು. ನಡುವೆ ಕೊಯ್ದು ಎರಡು ಮಾಡಿ, ಒಂದೊಂದಕ್ಕೂ ಚೀಲದ ಬಾಯಿ ಹೊಲಿಯುವ ಸುತಳಿಯಿಂದ ಬೇರೆ ಬೇರೆ ಹೊಲಿಗೆ ಹಾಕಿದೆ. ಮೊದಲ ಅರ್ಧದ ಮೇಲೆ ‘ಈ ಅರ್ಧ ರೇಣುಕಾಂದು’ ಎಂದು ನನ್ನ ಅಕ್ಷರ. ಎರಡನೆಯದರ ಮೇಲೆ ‘ಈ ಅರ್ಧ ಗೌರಿದು’ ಎಂದು ಅಕ್ಕನ ಅಕ್ಷರ. ಗೌರಿಯ ಅರ್ಧ ಗೌರಿಯ ಹತ್ತಿರ ಇರಬೇಕು. ಇಪ್ಪತ್ತು ವರ್ಷದಿಂದ ಅದು ನನ್ನ ಟ್ರಂಕಿನಲ್ಲಿ ಏನು ಮಾಡುತ್ತಿತ್ತು? ಈ ಪ್ರಶ್ನೆ ಮೊನ್ನೆ ಹುಟ್ಟಿತು ಎಂದರೆ ಸುಳ್ಳಾದೀತು. ಟ್ರಂಕನ್ನು ನಡುನಡುವೆ ತೆಗೆದದ್ದಿದೆ. ತಳದವರೆಗೆ ಕೈ ಹಾಕಿರಲಿಲ್ಲ, ಅಷ್ಟೆ.

ಈ ಸಲ ಹಾಕಬೇಕಾದದ್ದು ಅಕ್ಕನ ಫೋನಿನಿಂದಾಗಿ. ಅಕ್ಕ ಮರಳಿಯಲ್ಲಿರುತ್ತಾಳೆ, ಅಲ್ಲಿಗೇ ಕೊಟ್ಟದ್ದು. ಸಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಾನು ಕೊಪ್ಪಳದಲ್ಲಿ ಒಂದು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕಿ. ಹತ್ತು ವರ್ಷದಿಂದ ಅತಿಥಿ.

“ರೇಣಿ, ಶನಿವಾರ ಬಿಡುವು ಐತೇನು?”

“ಯಾಕಕ್ಕಾ?”

“ಸಿಂಧು ಪರೀಕ್ಷಾಕ ಹೋಗಂಗಿಲ್ಲ ಅಂತ ಕುಂತಾಳ. ಐತವಾರ ಐತಿ. ಆ ಫಿಸಿಕ್ಸಿಂದು. ಅದರಾಗಿನ ಮಾತು ನನಗ ತಿಳಿಯಂಗಿಲ್ಲ. ನೀ ಬಂದು ಏನರ ಹೇಳು.”

“ನಾ ಹೇಳಿದ್ರ ಕೇಳತಾಳೇನು?”

“ನೀ ಕಲತಾಕಿ. ನಾ ಏನು, ಸಾರಿಗೆ ಉಪ್ಪು ಎಷ್ಟು ಅಂತ ಹೇಳಾಕಿ.”

ಸಿಂಧು ಅಕ್ಕನ ಮಗಳು, ಒಂಬತ್ತನೇ ತರಗತಿ. ಗಂಗಾವತಿಯ ಶಾಲೆಗೆ ಹೋಗುತ್ತಾಳೆ, ಶಾಲೆ ಮುಗಿದ ಮೇಲೆ ಅಲ್ಲೇ ಒಂದು ಕೋಚಿಂಗಿಗೆ. ಅದಕ್ಕೆ ‘ಫೌಂಡೇಶನ್’ ಎನ್ನುತ್ತಾರೆ. ಅಡಿಪಾಯವೆಂದರೆ ಕೆಳಗಿರುವುದು ಎಂದು ನಾನು ತಿಳಿದಿದ್ದೆ. ಇಲ್ಲಿ ಅದು ಎರಡಂತಸ್ತು ಮೇಲಿನದು: ಒಂಬತ್ತನೆಯ ಮಕ್ಕಳಿಗೆ ಪಿಯುಸಿಯ ಪಾಠ, ಕೆಲವು ಕಡೆ ನಾನು ಬಿ.ಎಸ್ಸಿ.ಗೆ ಹೇಳುವ ಪಾಠವೂ. ವರ್ಷಕ್ಕೆ ಎರಡು ದೊಡ್ಡ ಪರೀಕ್ಷೆ. ಸಿಂಧು ಕೂರುವುದಿಲ್ಲ ಎಂದದ್ದು ಮೊದಲನೆಯದಕ್ಕೆ.

ಅವಳಿಗೆ ತೋರಿಸಿ ನಗಿಸೋಣ ಎಂದು ಹಳೆಯ ಪುಸ್ತಕ ಹುಡುಕಿದೆ. ಹೈಸ್ಕೂಲಿನಲ್ಲಿ ಕಾಲೇಜಿನ ಪಾಠ ಓದಿದವರು ಇವಳ ಮನೆಯಲ್ಲೇ ಇಬ್ಬರಿದ್ದರು.

ಆಗ ನಾವು ತಾವರಗೇರಾದಲ್ಲಿದ್ದೆವು. ಅಕ್ಕ ನನಗಿಂತ ಒಂದೂವರೆ ವರ್ಷ ದೊಡ್ಡವಳಾದರೂ ಇಬ್ಬರದೂ ಒಂದೇ ತರಗತಿ. ಅವಳು ಸಾಲೆಗೆ ಹೊರಟಾಗ ನಾನು ಅತ್ತು ರಂಪ ಮಾಡಿ ಹಿಂದೆಯೇ ಹೋಗಿ ಕೂತೆನಂತೆ, ಮೇಷ್ಟ್ರು ಹಾಜರಿಯಲ್ಲಿ ಹೆಸರು ಬರೆದುಬಿಟ್ಟರಂತೆ. ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ದಕ್ಷಿಣದ ಕಡೆಯಿಂದ ಬಂದ ಸರ್ ಒಬ್ಬರಿದ್ದರು. ಮಾತು ಮಾತಿಗೆ ‘ಆಯ್ತಾ?’ ಎಂದು ಕೇಳಿ, ‘ಆಯ್ತು’ ಎಂದು ತಾವೇ ಉತ್ತರ ಕೊಟ್ಟುಕೊಳ್ಳುತ್ತಿದ್ದರಿಂದ ಊರಿಗೆಲ್ಲ ‘ಆಯ್ತು ಸರ್’ ಎಂದೇ ಆಗಿದ್ದರು. ನಾವು ಹತ್ತನೆಯಲ್ಲಿದ್ದಾಗ ಅವರು ಒಂದು ಸುದ್ದಿ ತಂದರು. ಕೊಪ್ಪಳದ ಒಂದು ಕಾಲೇಜಿನವರು ಹೈಸ್ಕೂಲು ಮಕ್ಕಳಿಗೆ ಪಿಯುಸಿ ಭೌತಶಾಸ್ತ್ರದ ಪರೀಕ್ಷೆ ಇಡುತ್ತಾರೆ. ಅದರಲ್ಲಿ ಮುಂದೆ ಬಂದ ಕೆಲವರನ್ನು ಮೇ ತಿಂಗಳಲ್ಲಿ ಕರೆಸಿ ಕಾಲೇಜಿನ ಲ್ಯಾಬಿನಲ್ಲೇ ಪಾಠ ಮಾಡುತ್ತಾರೆ.

“ಹೈಸ್ಕೂಲಿನವರು ಕಾಲೇಜಿನ ಪಾಠ ಓದಬಾರದು ಅಂತ ಯಾರಾದ್ರೂ ಹೇಳಿದಾರಾ? ಇಲ್ಲ. ಆಯ್ತಾ?”

“ಓದ್ರಿ ಅಂತನೂ ಯಾರೂ ಹೇಳಿಲ್ರೀ ಸರ್,” ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಸರ್ ಕೂಡ ನಕ್ಕರು.

ಭಾನುವಾರ ಬೆಳಿಗ್ಗೆ ಪಾಠ. ಮೊದಲ ವಾರ ಹತ್ತು ಹನ್ನೆರಡು ಜನ ಬಂದಿದ್ದರು. ಕೊನೆಗೆ ನಾವಿಬ್ಬರೇ ಉಳಿದೆವು ಎಂದು ನನ್ನ ನೆನಪು. ನಾಲ್ಕು ಜನ ಉಳಿದಿದ್ದರೂ ಇರಬಹುದು, ಉಳಿದವರು ಕತೆಗೆ ಬೇಡವಾದ್ದರಿಂದ ಮರೆತಿರಬಹುದು. ಸರ್ ಎಲ್ಲಿಂದಲೋ ಒಂದು ಹಳೆಯ ಪುಸ್ತಕ ತಂದುಕೊಟ್ಟರು. ಒಂದೇ ಮನೆಯ ಇಬ್ಬರಿಗೆ ಒಂದು ಸಾಕು ಎಂಬ ಲೆಕ್ಕ ಅವರದು. ಭೌತಶಾಸ್ತ್ರ ಬಲ್ಲವರಿಗೆ ಅಕ್ಕತಂಗಿಯರ ಬಗ್ಗೆ ಏನೂ ಗೊತ್ತಿರುವುದಿಲ್ಲ.

ಒಂದು ವಾರ ಜಗ್ಗಾಡಿದೆವು. ರಟ್ಟು ಹೋದದ್ದು ಆಗಲೇ ಇದ್ದೀತು. ಒಂದು ಸಂಜೆ ಅಕ್ಕ ಏನೂ ಮಾತಾಡದೆ ಈಳಿಗೆಯನ್ನು ನೆಲಕ್ಕಿಟ್ಟು, ಕಾಲಲ್ಲಿ ಒತ್ತಿ ಕೂತು, ಪುಸ್ತಕವನ್ನು ಬೆನ್ನು ಮೇಲಾಗಿ ಹಿಡಿದು, ಕುಂಬಳಕಾಯಿ ಹೋಳು ಮಾಡಿದ ಹಾಗೆ ಎರಡು ಮಾಡಿದಳು.

“ಅಯ್ಯ ನಿನ್ನ! ಸರಸ್ವತೀನ ಕೊಯ್ದ್ಯಲ್ಲೇ!” ಎಂದು ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

“ಕೊಯ್ದಿಲ್ಲವ್ವಾ, ಪಾಲು ಮಾಡೀನಿ,” ಎಂದಳು ಅಕ್ಕ.

ದಬ್ಬಣ ಸುತಳಿ ತಂದು ಹೊಲಿದವಳೂ ಅವಳೇ. ಮೊದಲ ಅರ್ಧ ನನಗೆ, ಎರಡನೆಯದು ಅವಳಿಗೆ. ಪ್ರತಿ ಭಾನುವಾರ ಅದಲು ಬದಲು ಎಂದು ಕರಾರು. ಇದರಲ್ಲಿ ಒಂದು ತೊಡಕು ಆಮೇಲೆ ಗೊತ್ತಾಯಿತು. ಲೆಕ್ಕಗಳು ಆಯಾ ಅಧ್ಯಾಯದ ಕೊನೆಗೆ ಇದ್ದವು. ಎಲ್ಲಾ ಲೆಕ್ಕಗಳ ಉತ್ತರಗಳು ಮಾತ್ರ ಪುಸ್ತಕದ ಕಟ್ಟಕಡೆಗೆ, ಅಂದರೆ ಅಕ್ಕನ ಅರ್ಧದಲ್ಲಿ.

ನಾನು ಮಾಳಿಗೆಯ ಮೇಲೆ ಕೂತು ಓದುವವಳು, ಅಕ್ಕ ಕೆಳಗೆ ಅಂಗಳದಲ್ಲಿ. ಮೇಲಿಂದ ಕೂಗುತ್ತಿದ್ದೆ.

“ಅಕ್ಕಾ, ನಾಕನೇ ಪಾಠ, ಏಳನೇ ಲೆಕ್ಕ!”

“ಲೆಕ್ಕ ಓದಿ ಹೇಳು.”

ಓದಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಸದ್ದಿರುತ್ತಿರಲಿಲ್ಲ. ಆಮೇಲೆ, “ನಿಂದು ಎಷ್ಟು ಬಂತು?”

“ಮೂವತ್ತೆರಡು.”

“ಊಹೂಂ. ಇನ್ನೊಮ್ಮಿ ಮಾಡು.”

“ಎಷ್ಟಂತ ಹೇಳಬಾರದೇನು?”

“ಹೇಳಿದ್ರ ನೀ ಹೆಂಗ ಮಾಡಾಕಿ?”

ಆ ನಡುವಿನ ಸದ್ದಿಲ್ಲದ ಹೊತ್ತಿನಲ್ಲಿ ಅವಳು ಪುಟ ತಿರುವಿ ಉತ್ತರ ಹುಡುಕುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ. ಈಗ ಆ ಅರ್ಧವನ್ನು ತಿರುವಿದರೆ ಪುಟಗಳ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಸಣ್ಣ ಲೆಕ್ಕಗಳಿವೆ. ನನ್ನ ಅರ್ಧದ ಲೆಕ್ಕಗಳು. ನಾಲ್ಕನೇ ಪಾಠದ ಏಳನೆಯದೂ ಇದೆ. ಅವಳು ಉತ್ತರ ನೋಡುವ ಮೊದಲು ತಾನೂ ಮಾಡಿ ನೋಡುತ್ತಿದ್ದಳು, ಬರೀ ಕೇಳಿಸಿಕೊಂಡು.

ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೆ. ಶಬ್ದಗಳ ಪಕ್ಕದಲ್ಲಿ ಕನ್ನಡ ಬರೆದುಕೊಂಡಿದ್ದೇವೆ. ಮೇಲ್ಮೈಗೆ ಲಂಬವಾಗಿ ಒತ್ತುವ ‘ನಾರ್ಮಲ್ ಫೋರ್ಸ್’ ಎನ್ನುವುದಕ್ಕೆ ನಾನು ‘ಸಾಮಾನ್ಯ ಬಲ, ವಿಶೇಷ ಇಲ್ಲ’ ಎಂದು ಬರೆದಿದ್ದೇನೆ. ನನ್ನ ಅರ್ಧದ ಮೊದಲ ಪಾಠಗಳಲ್ಲಿ, ಯಾವುದೋ ಭಾನುವಾರದ ಅದಲು ಬದಲಿನಲ್ಲಿ, ಅಕ್ಕ ಅಲುಗದೆ ಇರುವ ವಸ್ತು ಎಂಬರ್ಥದ ‘ಬಾಡಿ ಅಟ್ ರೆಸ್ಟ್’ ಎಂಬುದರ ಪಕ್ಕ ‘ದಣಿದು ಕುಂತ ಮೈ’ ಎಂದು ಬರೆದಿದ್ದಾಳೆ. ತಪ್ಪೇ. ಆದರೆ ಆ ತಪ್ಪನ್ನು ಅಳಿಸಲು ನನಗೆ ಮನಸ್ಸು ಬಂದಿಲ್ಲ.

ಕನ್ನಡದ ಶಬ್ದಗಳಾದರೂ ಸಸಾರವಾಗಿದ್ದವೇ? ನಮ್ಮ ಶಾಲೆಯ ಪುಸ್ತಕದಲ್ಲಿ ವಸ್ತುವಿನಲ್ಲಿರುವ ದ್ರವ್ಯಕ್ಕೆ ‘ರಾಶಿ’ ಎಂದಿತ್ತು. ನಮ್ಮ ಮನೆಯಲ್ಲಿ ರಾಶಿ ಎಂದರೆ ಕಣದಲ್ಲಿ ಕಾಳು ಒಕ್ಕಿ ಗುಡ್ಡೆ ಹಾಕಿದ್ದು. ನಾನು ಗಟ್ಟಿಯಾಗಿ ಓದುತ್ತಿದ್ದೆ: ‘ರಾಶಿಯು ಎಲ್ಲಿಗೆ ಹೋದರೂ ಬದಲಾಗುವುದಿಲ್ಲ, ತೂಕವು ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ.’ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ ಅಪ್ಪ ಕೈ ನಿಲ್ಲಿಸಿದ.

“ಇನ್ನೊಮ್ಮಿ ಓದು.”

ಓದಿದೆ.

“ಖರೇ ಐತಿ. ಇದನ್ನ ಬರದಾಂವ ಒಂದ್ಸಲ ಕಾಳು ಹೇರಿಕೊಂಡು ಮಾರಾಕ ಹೋಗಿ ಬಂದಾನ.”

ಅಪ್ಪ ಭೌತಶಾಸ್ತ್ರವನ್ನು ಒಪ್ಪಿದ್ದು ಅದೊಂದೇ ಸಲ. ಈಗ ಅಪ್ಪ ಇಲ್ಲ. ಡಿಗ್ರಿ ಹುಡುಗರಿಗೆ ಗುರುತ್ವ ಹೇಳುವಾಗ ಆ ಮಾತು ಪ್ರತಿ ವರ್ಷ ಬಾಯಿಗೆ ಬರುತ್ತದೆ, ಹೇಳದೆ ನುಂಗುತ್ತೇನೆ. ಆದರೆ ಇನ್ನೊಂದು ಕತೆಯನ್ನು ಮಾತ್ರ ತಪ್ಪದೆ ಹೇಳುತ್ತೇನೆ. ಅದು ಕೀಲಿಯ ಕತೆ.

ಹುಡುಗರು ಇನ್ನೂ ಬರುತ್ತಿದ್ದ ಮೊದಲ ವಾರಗಳಲ್ಲಿ ಆಯ್ತು ಸರ್ ಒಂದು ಭಾನುವಾರ ಶಾಲೆಯ ಬಾಗಿಲಿನ ದೊಡ್ಡ ಕೀಲಿಯನ್ನು ದಾರಕ್ಕೆ ಕಟ್ಟಿ, ಬಾಗಿಲ ಚೌಕಟ್ಟಿಗೆ ತೂಗುಬಿಟ್ಟು ಲೋಲಕ ಮಾಡಿದರು. ಒಂದು ಮೀಟರಿನ ದಾರ. ಇಪ್ಪತ್ತು ಸಲ ತೂಗಾಡಲು ಎಷ್ಟು ಸೆಕೆಂಡು ಬೇಕೆಂದು ಅವರ ಕೈಗಡಿಯಾರದಲ್ಲಿ ನೋಡಬೇಕು, ಅದರಿಂದ ಭೂಮಿ ಎಷ್ಟು ಜೋರಿನಿಂದ ಎಳೆಯುತ್ತದೆ ಎಂದು ಲೆಕ್ಕ ಹಾಕಬೇಕು. ಉತ್ತರ ಒಂಬತ್ತು ಪಾಯಿಂಟ್ ಎಂಟರ ಹತ್ತಿರ ಬರಬೇಕು. ಒಬ್ಬೊಬ್ಬರಾಗಿ ಎಣಿಸಿದೆವು. ಎಲ್ಲರದೂ ಹನ್ನೊಂದರ ಹತ್ತಿರ ಬಂತು.

“ತಾವರಗೇರಾದಲ್ಲಿ ಭೂಮಿ ಸ್ವಲ್ಪ ಜಾಸ್ತಿ ಎಳೆಯುತ್ತೆ ಅಂತಾಯ್ತು,” ಎಂದರು ಸರ್.

ತಪ್ಪು ಏನೆಂದರೆ ಎಲ್ಲರೂ ಕೀಲಿಯನ್ನು ಬಿಡುವಾಗಲೇ ‘ಒಂದು’ ಎನ್ನುತ್ತಿದ್ದರು. ಬಿಟ್ಟಾಗ ಇನ್ನೂ ಒಂದೂ ಆಗಿರುವುದಿಲ್ಲ. ಅಲ್ಲಿ ಹೋಗಿ ತಿರುಗಿ ಬಂದ ಮೇಲೆ ಒಂದು. ಇಪ್ಪತ್ತು ಎಣಿಸಿದೆವು ಎಂದುಕೊಂಡು ಹತ್ತೊಂಬತ್ತನ್ನೇ ಎಣಿಸುತ್ತಿದ್ದೆವು.

ಒಬ್ಬಳು ಮಾತ್ರ ಕೀಲಿ ಬಿಡುವಾಗ ‘ಲಾಭ’ ಎಂದಳು. ನಮ್ಮ ಕಡೆ ಕಣದಲ್ಲಿ ಕಾಳನ್ನು ಪುಟ್ಟಿಯಿಂದ ಅಳೆದು ಚೀಲಕ್ಕೆ ಸುರಿಯುವಾಗ ಮೊದಲ ಪುಟ್ಟಿಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಆ ರೂಢಿ ನಾಲಿಗೆಗೆ ಬಂದುಬಿಟ್ಟಿತು. ಎಲ್ಲರೂ ಹೋ ಎಂದು ನಕ್ಕರು. ನಗುವಿಗೆ ಗಾಬರಿಯಾಗಿ ಅವಳು ಮುಂದಿನದಕ್ಕೆ ‘ಎರಡು’ ಎನ್ನುವ ಬದಲು ‘ಒಂದು’ ಎಂದಳು. ಹೀಗೆ ಲಾಭವು ಸೊನ್ನೆಯ ಜಾಗದಲ್ಲಿ ಕೂತಿತು. ಇಪ್ಪತ್ತಕ್ಕೆ ನಲವತ್ತು ಸೆಕೆಂಡು. ಲೆಕ್ಕ ಹಾಕಿದರೆ ಒಂಬತ್ತು ಪಾಯಿಂಟ್ ಎಂಟು. ಆಯ್ತು ಸರ್ ಕುರ್ಚಿಯಿಂದ ಎದ್ದು ನಿಂತರು. “ನೋಡಿ, ಎಣಿಸೋಕೆ ಶುರು ಮಾಡೋದು ಹೇಗೆ ಅಂತ ಕಣದಲ್ಲಿ ಕಲಿತವರಿಗೆ ಗೊತ್ತು. ಆಯ್ತಾ?”

ಆ ‘ಲಾಭ’ ಎಂದವಳು ನಾನು. ಹೀಗೆಂದು ಹತ್ತು ವರ್ಷದಿಂದ ಹತ್ತು ತಂಡ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಮೊದಲ ದಿನದ ಲ್ಯಾಬಿನಲ್ಲಿ ಹೇಳಿದರೆ ಅವರು ನಗುತ್ತಾರೆ, ಆಮೇಲೆ ಎಣಿಕೆ ತಪ್ಪುವುದಿಲ್ಲ.

ಶನಿವಾರ ಮಧ್ಯಾಹ್ನ ಮರಳಿಗೆ ಹೋದೆ. ಬಸ್ಸಿನ ಎರಡೂ ಕಡೆ ಭತ್ತ ಹಸಿರಾಗಿ ನಿಂತಿತ್ತು. ಈ ಹಸಿರು ಮಾತ್ರ ನಿಜ, ಮೊನ್ನೆ ನೋಡಿದ್ದು. ತಾವರಗೇರಾದ ನೀರಾವರಿಯಿಲ್ಲದ ಎರೆ ಹೊಲದಿಂದ ಬಂದ ಅಕ್ಕನಿಗೆ ಮೊದಲ ವರ್ಷ ಕಾಲುವೆಯ ನೀರಿನ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಈಗ ಮಾತಿನಲ್ಲಿ ಅಷ್ಟಿಷ್ಟು ತೆಲುಗೂ ಬೆರೆಸುತ್ತಾಳೆ. ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸಿಂಧು ಕಂಬಕ್ಕೆ ಒರಗಿ, ಇಟ್ಟಿಗೆಯಷ್ಟು ದಪ್ಪದ ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು, ಅದನ್ನು ನೋಡದ ಹಾಗೆ ಕೂತಿದ್ದಳು.

“ಚಿಗವ್ವ, ನೀ ನನಗ ಬುದ್ಧಿ ಹೇಳಾಕ ಬಂದೀಯಲ್ಲ?”

“ಇಲ್ಲ, ಊಟಕ್ಕ ಬಂದೀನಿ.”

“ಹಂಗಾರ ಒಂದು ಕೇಳತೀನಿ, ಹೇಳು. ಪಿಯುಸಿದು ಈಗ ಓದಿದ್ರ, ಪಿಯುಸಿದಾಗ ಏನು ಓದೋದು?”

“ಡಿಗ್ರೀದು.”

“ಡಿಗ್ರೀಗೆ ಹೋದಾಗ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಡಿಗ್ರಿಯೊಳಗ ನಾ ಅವರಿಗೆ ಒಂಬತ್ತನೇತ್ತಿಂದು ಹೇಳತೀನಿ,” ಎಂದೆ.

ಸಿಂಧು ತನ್ನ ಅವ್ವನ ಕಡೆ ತಿರುಗಿ, “ಕೇಳಿದ್ಯಾ ಬೇ?” ಎಂದಳು, ಕೇಸು ಗೆದ್ದವಳ ಹಾಗೆ.

ನಾನು ಹೇಳಿದ್ದು ನಗೆಚಾಟಿಕೆಯಲ್ಲ. ಎಂಟನೆಯಿಂದ ಎಲ್ಲಾ ಸೂತ್ರ ಬಾಯಿಪಾಠ ಮಾಡಿ ಬಂದ ಮಕ್ಕಳು ನನ್ನ ಲ್ಯಾಬಿಗೆ ಬರುತ್ತಾರೆ. ಲೋಲಕದ ಸೂತ್ರ ನಿದ್ದೆಯಲ್ಲೂ ಹೇಳುತ್ತಾರೆ. ದಾರ ಕಟ್ಟು ಎಂದರೆ ಗಂಟು ಹಾಕಲು ನಾಚುತ್ತಾರೆ. ಹಾಗಾದರೆ ಬೇಗ ಓದುವುದೇ ತಪ್ಪೇ ಎಂದು ನನ್ನನ್ನು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ನನಗೆ ಹತ್ತನೆಯಲ್ಲಿ ಆ ಪುಸ್ತಕ ಸಿಗದೆ ಹೋಗಿದ್ದರೆ ನಾನು ಈ ಪಡಸಾಲೆಯ ಆ ಬದಿಯಲ್ಲಿ, ಅಕ್ಕನ ಮಗ್ಗುಲಲ್ಲಿ, ಇನ್ನೊಂದು ಮೊರ ಹಿಡಿದು ಕೂತಿರುತ್ತಿದ್ದೆನೇನೋ.

“ಬರಾಕ ಬರದಿದ್ರ ಏನು ಮಾಡಲಿ?” ಎಂದಳು ಸಿಂಧು, ಈ ಸಲ ಸಣ್ಣ ದನಿಯಲ್ಲಿ. “ಹೋದ ಟೆಸ್ಟಿನ್ಯಾಗ ಅರ್ಧ ಹಾಳಿ ಖಾಲಿ ಬಿಟ್ಟಿದ್ದೆ. ಎಲ್ಲಾರ ಮುಂದ ಹಾಳಿ ಎತ್ತಿ ತೋರಿಸಿದ್ರು.”

ನಿಜವಾದ ಕಾರಣ ಆಗ ಹೊರಗೆ ಬಂತು. ನಾನು ಅವಳ ತಲೆ ಸವರಿ, ಚೀಲದಿಂದ ಎರಡು ಅರ್ಧಗಳನ್ನು ತೆಗೆದೆ. ಸಿಂಧು ಸುತಳಿಯ ಹೊಲಿಗೆ ನೋಡಿ ನಕ್ಕಳು. “ಇದೇನ್ ಚಿಗವ್ವ, ಪುಸ್ತಕನೋ ಗೊಬ್ಬರದ ಚೀಲನೋ?” ಅಕ್ಕ ಮೊರವನ್ನು ತೊಡೆಯಿಂದ ಇಳಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡನೇ ಅರ್ಧವನ್ನು ಎತ್ತಿಕೊಂಡಳು. ತೆರೆಯಲಿಲ್ಲ. ಕೈಯಲ್ಲಿ ಒಮ್ಮೆ ತೂಗಿದಳು.

“ಇದು ನಂದು,” ಎಂದಳು. ಎದ್ದು ಹೋಗಿ ಗೋಡೆಯ ಮಾಡದಲ್ಲಿ, ಅರಿಷಿಣ ಕುಂಕುಮದ ಡಬ್ಬಿಯ ಪಕ್ಕ ಇಟ್ಟು ಬಂದು ಮತ್ತೆ ಮೊರ ಹಿಡಿದಳು.

ಆ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಏನಾದರೂ ಮಾಡಬೇಕಲ್ಲ ಎಂದು ನಾನು ಅವಸರದಲ್ಲಿ ಕೀಲಿಯ ಕತೆ ತೆಗೆದೆ. ನನ್ನ ಕ್ಲಾಸಿನಲ್ಲಿ ಹೇಳುವ ಹಾಗೆಯೇ ಹೇಳಿದೆ, ನಾನು ಕೀಲಿ ಬಿಟ್ಟದ್ದು, ನಾನು ಲಾಭ ಎಂದದ್ದು, ಸರ್ ಎದ್ದು ನಿಂತದ್ದು. ಸಿಂಧುವಿನ ಕಣ್ಣು ಅಗಲವಾದವು. “ಈಗ ಮಾಡೂಣೇನು?” ಎಂದಳು. ಅಕ್ಕನ ಮನೆಯ ಕೀಲಿಯನ್ನೇ ದಾರಕ್ಕೆ ಕಟ್ಟಿ ಬಾಗಿಲಿನ ಚೌಕಟ್ಟಿಗೆ ತೂಗುಬಿಟ್ಟೆವು. ಗಂಟು ಅವಳೇ ಹಾಕಿದಳು, ಚೆನ್ನಾಗಿ ಹಾಕಿದಳು. ನಾನು ಮೊಬೈಲಿನಲ್ಲಿ ಸಮಯ ಹಿಡಿದೆ. ಸಿಂಧು ಕೀಲಿಯನ್ನು ಎಳೆದು ಬಿಟ್ಟಳು.

“ಲಾಭ,” ಎಂದಿತು ಹಿಂದಿನಿಂದ ಒಂದು ದನಿ.

ಅಕ್ಕ ಮೊರದಿಂದ ತಲೆ ಎತ್ತಿರಲಿಲ್ಲ. ಬೆರಳು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದವು. ಕೀಲಿ ಹೋಗಿ ತಿರುಗಿ ಬರುವುದಕ್ಕೆ ಸರಿಯಾಗಿ, “ಒಂದು,” ಎಂದಳು. ಮತ್ತೆ ಬಂತು. “ಎರಡು.” ಅವಳು ಕೀಲಿಯನ್ನು ನೋಡುತ್ತಲೂ ಇರಲಿಲ್ಲ, ದಾರ ಚೌಕಟ್ಟಿಗೆ ಉಜ್ಜುವ ಕಿರ್ ಎನ್ನುವ ಸದ್ದಿನ ಮೇಲೆ ಎಣಿಸುತ್ತಿದ್ದಳು.

ಸಿಂಧು ಎಣಿಕೆ ಬಿಟ್ಟು ನನ್ನ ಮುಖ ನೋಡಿದಳು. “ಚಿಗವ್ವ, ಲಾಭ ಅಂದಾಕಿ ನೀ ಅಲ್ಲೇನು?”

“ಯಾರರ ಅನ್ಲಿ,” ಎಂದಳು ಅಕ್ಕ. “ಕಣ ತುಳದಾವ್ರೆಲ್ಲಾ ಅಂತಾರ. ನೀ ಎಣಸು, ತಪ್ಪಿತು ನೋಡು.”

ಕಣ ತುಳಿದವರೆಲ್ಲ ಎಂದಳು. ಆದರೆ ಕಣದಲ್ಲಿ ಕಾಳು ಅಳೆಯುವಾಗ ಎಣಿಕೆಗೆ ಅಪ್ಪ ನನ್ನನ್ನು ಒಂದು ಸಲವೂ ನಿಲ್ಲಿಸಿರಲಿಲ್ಲ. ನಡುವೆ ಮಾತಾಡಿಬಿಡುತ್ತೇನೆ, ಎಣಿಕೆ ಮುರಿಯುತ್ತದೆ ಎಂದು. “ನಿನ್ನ ಬಾಯಾಗ ಲೆಕ್ಕ ನಿಲ್ಲೂದಿಲ್ಲ, ಆ ಕಡಿ ಹೋಗು,” ಎನ್ನುತ್ತಿದ್ದ. ಚಪ್ಪಲಿ ಬಿಟ್ಟು, ರಾಶಿಯ ಪಕ್ಕ ಸುಮ್ಮನೆ ನಿಂತು ಎಣಿಸುತ್ತಿದ್ದವಳು ಅಕ್ಕ. ಲಾಭ ಎಂಬುದು ನಾಲಿಗೆಗೆ ಹತ್ತಿದ್ದರೆ ಅವಳ ನಾಲಿಗೆಗೇ ಹತ್ತಿರಬೇಕು. ಇದು ನನಗೆ ಗೊತ್ತಿಲ್ಲದ ಸಂಗತಿ ಏನಲ್ಲ. ಎರಡನ್ನೂ ಪಕ್ಕಪಕ್ಕಕ್ಕಿಟ್ಟು ನೋಡಿರಲಿಲ್ಲ. ಅಂದು ನಕ್ಕವರಲ್ಲಿ ನಾನೂ ಒಬ್ಬಳಿರಬೇಕು. ಎಲ್ಲರಿಗಿಂತ ಜೋರಾಗಿಯೇ ನಕ್ಕಿರಬೇಕು.

ಒಂದು ನೆನಪು ಕೈ ಬದಲಾಗಿದ್ದರೆ ಉಳಿದವು? ಆ ಸಂಜೆ ನನಗೆ ಪರೀಕ್ಷೆಯ ದಿನ ನೆನಪಾಯಿತು. ಕೊಪ್ಪಳದ ಪರೀಕ್ಷೆಗೆ ಅಕ್ಕ ಬರಲಿಲ್ಲ. ನಾನೊಬ್ಬಳೇ ಆಯ್ತು ಸರ್ ಜೊತೆ ಹೋದೆ, ಬರೆದೆ, ಮೇ ತಿಂಗಳ ಪಾಠಕ್ಕೆ ಆರಿಸಿಬಂದೆ. ಅಲ್ಲಿಂದ ನನ್ನ ಓದು ನಿಲ್ಲಲಿಲ್ಲ. ಅಕ್ಕನದು ಹತ್ತನೆಗೆ ನಿಂತಿತು, ಎರಡು ವರ್ಷಕ್ಕೆ ಮದುವೆ. ಅಕ್ಕ ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳಿದರೆ ‘ಆವತ್ತು ಅವಳಿಗೆ ಜ್ವರ’ ಎನ್ನುತ್ತೇನೆ. ಎಷ್ಟು ಸಲ ಹೇಳಿದ್ದೇನೆಂದರೆ ಅವಳು ಕಂಬಳಿ ಹೊದ್ದು ಮಲಗಿದ್ದೂ ಕಾಣುತ್ತದೆ. ಕಂಬಳಿ ಕಪ್ಪು. ಬಣ್ಣದ ವಿಷಯ ಮೊದಲೇ ಹೇಳಿದ್ದೇನೆ.

ಪಡಸಾಲೆಯಿಂದ ಅಂಗಳಕ್ಕೆ ಹೋಗಿ ತಾವರಗೇರಾಕ್ಕೆ ಫೋನು ಮಾಡಿ ಅವ್ವನನ್ನು ಕೇಳಿದೆ.

“ಜ್ವರ ಬಂದದ್ದು ನಿನಗಲ್ಲೇನ? ಅದೂ ಹಿಂದಿನ ವಾರ,” ಎಂದಳು ಅವ್ವ. “ಗೌರಿ ಆವತ್ತು ಕಣದಾಗಿದ್ಲು. ಬಿಳಿಜ್ವಾಳದ ರಾಶಿ ಇತ್ತು.”

“ಅಪ್ಪ ಇರು ಅಂದ್ನೇನು ಅಕಿಗೆ?”

“ಅಂದಿದ್ದಾನು. ಇಲ್ಲಾ ಅಕಿನ ಇದ್ದಾಳು. ನನಗೇನ ನೆನಪೈತೆ ತಂಗಿ, ನೀ ಬರಕೊಂಡಿರ್ತೀಯಲ್ಲ, ಅದರಾಗ ನೋಡು.”

ಬರಕೊಂಡಿದ್ದೇನೆ. ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿ. ಟ್ರಂಕಿನಲ್ಲಿ ಅಕ್ಕನ ಅರ್ಧ ಸಿಕ್ಕಾಗಲೇ, ಮರಳಿಗೆ ಹೊರಡುವ ಮುಂಚೆ, ತೆಗೆದು ನೋಡಿದ್ದೆ. ಆ ದಿನದ ಪುಟದಲ್ಲಿ ನಾಲ್ಕು ಸಾಲಿದೆ. ‘ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆವು. ಕಿಟಕಿ ಕಡೆ ಸೀಟು ಸಿಕ್ಕಿತು. ಕುಷ್ಟಗಿ ಬರುವುದರೊಳಗೆ ಎರಡೂ ಅರ್ಧ ಒಮ್ಮೆ ತಿರುವಿ ಹಾಕಿದೆ. ಅಕ್ಕ ಬರಲಿಲ್ಲ.’ ಅಷ್ಟೆ. ಎರಡೂ ಅರ್ಧ. ಜ್ವರ ಇಲ್ಲ, ರಾಶಿ ಇಲ್ಲ, ಕಾರಣವೇ ಇಲ್ಲ. ಕಿಟಕಿಗೆ ಒಂದು ಸಾಲು ಕೊಟ್ಟಿದ್ದೇನೆ, ಅಕ್ಕನಿಗೂ ಒಂದೇ ಸಾಲು.

ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಎರಡೂ ಅರ್ಧ ಇದ್ದವು ಎಂದಾದರೆ ಹಿಂದಿನ ದಿನವೇ ಅಕ್ಕನ ಅರ್ಧ ನನ್ನ ಚೀಲಕ್ಕೆ ಬಂದಿರಬೇಕು. ಹೇಗೆ ಬಂತು? ಅವಳೇ ತಂದಿಟ್ಟದ್ದಾದರೆ ಅವಳು ಉಳಿಯುವುದೆಂದು ಮೊದಲೇ ತೀರ್ಮಾನ ಮಾಡಿದ್ದಳು. ನಾನು ತೆಗೆದುಕೊಂಡದ್ದಾದರೆ? ಬೆಳಿಗ್ಗೆ ಎದ್ದು ತನ್ನ ಪುಸ್ತಕಕ್ಕಾಗಿ ಹುಡುಕಾಡುವ ಹುಡುಗಿಯನ್ನು ಊಹಿಸಿಕೊಳ್ಳಲು ಹೋದೆ. ಮುಖ ಕಾಣಲಿಲ್ಲ. ನನ್ನ ನೆನಪು ಅವಳನ್ನು ಆ ದಿನದಿಂದ ಪೂರ್ತಿ ಹೊರಗಿಟ್ಟಿತ್ತು.

ಒಳಗೆ ಬಂದಾಗ ತಾಯಿ ಮಗಳ ಮಾತು ನಡೆದಿತ್ತು.

“ನಪಾಸಾದ್ರ?” ಎನ್ನುತ್ತಿದ್ದಳು ಸಿಂಧು.

“ಆಗು.”

“ಮತ್ತ ಎಲ್ಲಾರ ಮುಂದ ಹಾಳಿ ತೋರಸ್ತಾರ.”

“ತೋರಸ್ಲಿ. ನಿನ್ನ ಹಾಳಿ, ನಿನ್ನ ಹೆಸರು ಇರತೈತಿ ಅದರ ಮ್ಯಾಲ.” ಅಕ್ಕ ಮೊರವನ್ನು ಒಮ್ಮೆ ಕೇರಿದಳು. “ಬರದ್ರ ಬರಿ, ಬಿಟ್ರ ಬಿಡು. ನಾಳಿಗೆ ಬ್ಯಾಡ ಅನಿಸಿದ್ರ ಆ ಕೋಚಿಂಗೂ ಬಿಡು, ನಾ ಏನೂ ಅನ್ನಂಗಿಲ್ಲ. ಆದ್ರ ಹೋಗದ ಮಾತ್ರ ಇರಬ್ಯಾಡವ್ವಾ. ಹೋಗದ ಇದ್ದದ್ದು ಭಾಳ ದಿನ ಇರತೈತಿ.”

ಅವಳು ನನ್ನ ಕಡೆ ನೋಡಲಿಲ್ಲ. ಫಿಸಿಕ್ಸಿನ ಮಾತು ತನಗೆ ತಿಳಿಯುವುದಿಲ್ಲ ಎಂದು ಫೋನಿನಲ್ಲಿ ಹೇಳಿದವಳು ಇವಳೇ.

ಸಿಂಧು ಸ್ವಲ್ಪ ಹೊತ್ತು ಕೀಲಿಯನ್ನು ಬೆರಳಿನಿಂದ ತಳ್ಳುತ್ತಾ ನಿಂತಳು. “ಹಂಗಾರ ನೀನೂ ಬಾ,” ಎಂದಳು ತನ್ನ ಅವ್ವನಿಗೆ. “ಗೇಟಿನ ತನಕ.”

ಭಾನುವಾರ ಬೆಳಿಗ್ಗೆ ಮೂವರೂ ಗಂಗಾವತಿಗೆ ಹೋದೆವು. ಕೋಚಿಂಗಿನ ಮುಂದೆ ಸಿದ್ದಾಪುರದ ಕಡೆಯಿಂದ ಟ್ರ್ಯಾಕ್ಸಿನಲ್ಲಿ ಬಂದ ಮಕ್ಕಳು, ಬೈಕಿನ ಮೇಲೆ ಕೂತ ಅಪ್ಪಂದಿರು, ಡಬ್ಬಿ ಹಿಡಿದ ಅವ್ವಂದಿರು. ಸಿಂಧು ಗೇಟಿನ ಹತ್ತಿರ ಒಮ್ಮೆ ನಿಂತಳು. ಅಕ್ಕ ಅವಳ ಬೆನ್ನ ಮೇಲೆ ಕೈ ಇಟ್ಟಳು, ದೂಡಲಿಲ್ಲ. ಇಟ್ಟುಕೊಂಡಿದ್ದಳು, ಅಷ್ಟೆ. ಹುಡುಗಿ ಒಳಗೆ ಹೋದಳು. ಮೂರು ತಾಸು ನಾವಿಬ್ಬರೂ ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತೆವು. ಬಿಸಿಯೂಟದ ತೊಗರಿಬೇಳೆಯಲ್ಲಿ ಹುಳ ಬಂದದ್ದು, ಅವ್ವನ ಮೊಣಕಾಲು ನೋವು, ನನ್ನ ಕಾಲೇಜಿನ ಹೊಸ ಪ್ರಿನ್ಸಿಪಾಲರು ಎಲ್ಲ ಮಾತಾಡಿದೆವು. ಅಕ್ಕನ ಅರ್ಧ ನನ್ನ ಚೀಲಕ್ಕೆ ಹೇಗೆ ಬಂತೆಂಬ ಪ್ರಶ್ನೆಯೊಂದು ಬಾಕಿ ಇತ್ತು. ಪರೀಕ್ಷೆ ನಡೆಯುವ ಜಾಗದ ಮುಂದೆ ಅದನ್ನು ಕೇಳಲು ಬಾಯಿ ಬರಲಿಲ್ಲ.

ಸಿಂಧು ಬೆವೆತು ಹೊರಗೆ ಬಂದಳು. “ಹದಿಮೂರು ಬಿಟ್ಟೆ. ಉಳಿದದ್ದು ಬರದೀನಿ.” ಆಮೇಲೆ ನನ್ನ ಕಡೆ ತಿರುಗಿ, “ಚಿಗವ್ವ, ಲೋಲಕದ್ದು ಒಂದರ ಪ್ರಶ್ನಿ ಬರಬೇಕಿಲ್ಲೋ! ಸುಮ್ನ ಕೀಲಿ ಕಟ್ಟಿದ್ವಿ,” ಎಂದಳು. ಅಕ್ಕ ನಕ್ಕದ್ದು ನೋಡಿ ಬಹಳ ದಿನವಾಗಿತ್ತು. ಬಾಯಿಗೆ ಸೆರಗು ಹಿಡಿದು, ತೋಳು ಕುಣಿಯುವ ಹಾಗೆ ನಕ್ಕಳು.

ಮರಳಿಯ ಬಸ್ಸಿನಲ್ಲಿ ಸಿಂಧುವಿಗೆ ಗೆಳತಿಯರ ಜೊತೆ ಹಿಂದೆ ಸೀಟು ಸಿಕ್ಕಿತು. ನಮಗೆ ಮುಂದೆ ಇಬ್ಬರ ಸೀಟು. ನಾನು ಅಕ್ಕನನ್ನು ಒಳಗೆ ಬಿಡಲು ಸರಿದು ನಿಂತೆ. ಅವಳು ಅಲ್ಲಾಡಲಿಲ್ಲ.

“ಕಿಟಕಿ ಕಡಿ ನೀ ಕುಂದ್ರು,” ಎಂದಳು. “ನಿನಗ ಅದ ಬೇಕಲ್ಲ.”

ಕೂತೆ. ಬಸ್ಸು ಹೊರಟಿತು. ಕಾಲುವೆ ಬಂತು, ಭತ್ತ ಬಂತು. ನನ್ನ ಅರ್ಧ ಪುಸ್ತಕ ಚೀಲದಲ್ಲಿತ್ತು, ಅವಳದು ಅವಳ ಮನೆಯ ಮಾಡದಲ್ಲಿ. ಅಲ್ಲಿ ಕೇಳಿದೆ. ಕೇಳಿದಾಗ ಅವಳು ಕಂಡಕ್ಟರಿಗೆ ತೋರಿಸಲು ಆಧಾರ್ ಕಾರ್ಡು ಹುಡುಕುತ್ತಿದ್ದಳು. ಕಾರ್ಡು ಸಿಕ್ಕಿತು, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟು ಹರಿದುಕೊಟ್ಟರು, ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಬಳೆಯ ಸಂದಿಗೆ ಸಿಕ್ಕಿಸಿದಳು, ಮರಳಿಯೂ ಬಂತು. ಅಂದಿನಿಂದ ಈವರೆಗೆ ನಾಲ್ಕೈದು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಅವಳು ಆ ಮಾತು ತೆಗೆದಿಲ್ಲ. ಇನ್ನೊಮ್ಮೆ ಕೇಳುವ ಧೈರ್ಯ ನನಗೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

“ಅಕ್ಕಾ, ಆವತ್ತು ನಿನ್ನ ಅರ್ಧ ನೀನ ಕೊಟ್ಟಿದ್ಯೇನು, ನಾ ಹೇಳದ ತಗೊಂಡು ಹೋಗಿದ್ನೇನು?”